ಮಕ್ಕಳ ಕೈಯಲ್ಲಿ ಯುದ್ಧನೌಕೆ: ಆಡಲು ಬಿಡೋಣವೇ, ಬೇಡವೇ?



ಸ್ವ-ಸಹಾಯ ಸಂಘದ ಸಭೆಯಲ್ಲಿ ಉಳಿತಾಯ, ಸಾಲ, ಮರುಪಾವತಿಯ ಲೆಕ್ಕ ಮುಗಿದ ಮೇಲೆ ಮಾತು ಮಕ್ಕಳ ಕಡೆಗೆ ತಿರುಗುವುದು ಸಹಜ. ಈಗೀಗ ಆ ಮಾತಿನಲ್ಲಿ ಮೊಬೈಲ್ ಆಟದ ವಿಷಯ ಬಾರದೆ ಇರುವುದಿಲ್ಲ. "ಮಗ ಯಾವಾಗ ನೋಡಿದ್ರೂ ಹಡಗಿನ ಆಟ ಆಡ್ತಾನೆ, ಢಂ ಢಂ ಅಂತ ಗುಂಡು ಹಾರಿಸ್ತಾನೆ. ಒಳ್ಳೇದೋ ಕೆಟ್ಟದ್ದೋ ನಮಗೆ ಗೊತ್ತಾಗಲ್ಲ" ಎನ್ನುವ ತಾಯಂದಿರು ಅನೇಕರು. ಕೆಲವರು ಹೆದರಿ ಫೋನ್ ಕಿತ್ತುಕೊಳ್ಳುತ್ತಾರೆ. ಕೆಲವರು "ಬೀದಿ ಸುತ್ತೋದಕ್ಕಿಂತ ಮನೇಲಿ ಕೂತು ಆಡಲಿ ಬಿಡಿ" ಎಂದು ಸುಮ್ಮನಾಗುತ್ತಾರೆ. ಎರಡೂ ಆಟ ಏನೆಂದು ನೋಡದೆ ಮಾಡಿದ ತೀರ್ಮಾನಗಳೇ. ಒಂದು ಆಟ ಮಕ್ಕಳಿಗೆ ಹೊಂದುತ್ತದೆಯೇ ಇಲ್ಲವೇ ಎಂದು ತಾಯಿಯೇ ನೋಡಿ ಹೇಗೆ ನಿರ್ಧರಿಸಬಹುದು ಎಂಬುದನ್ನು ಈ ಲೇಖನದಲ್ಲಿ ತಿಳಿದುಕೊಳ್ಳೋಣ.

ಏನಿದು ಹಡಗಿನ ಆಟ?

ಇಂಥ ಆಟಗಳು ಹಲವು ಇವೆ. ಹೆಸರುವಾಸಿಯಾದ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಹೆಸರು 'ವರ್ಲ್ಡ್ ಆಫ್ ವಾರ್‌ಶಿಪ್ಸ್'. ಸೈಪ್ರಸ್ ದೇಶದಲ್ಲಿ ಮುಖ್ಯ ಕಚೇರಿ ಇರುವ ವಾರ್‌ಗೇಮಿಂಗ್ ಎಂಬ ಕಂಪನಿ 2015ರ ಸೆಪ್ಟೆಂಬರ್‌ನಲ್ಲಿ ಕಂಪ್ಯೂಟರಿಗೆಂದು ಇದನ್ನು ಬಿಡುಗಡೆ ಮಾಡಿತು. 2018ರಲ್ಲಿ ಇದೇ ಮಾದರಿಯ 'ವರ್ಲ್ಡ್ ಆಫ್ ವಾರ್‌ಶಿಪ್ಸ್ ಬ್ಲಿಟ್ಜ್' ಎಂಬ ಆಟ ಮೊಬೈಲಿಗೂ ಬಂತು.

ಆಟ ಸರಳ. ಮಗುವಿಗೆ ಒಂದು ಯುದ್ಧನೌಕೆ ಸಿಗುತ್ತದೆ. ಕಂಪ್ಯೂಟರ್ ಆಟದಲ್ಲಿ ಸಾಮಾನ್ಯವಾಗಿ ಒಂದು ಕಡೆ 12 ಹಡಗು, ಇನ್ನೊಂದು ಕಡೆ 12 ಹಡಗು. ಮೊಬೈಲಿನಲ್ಲಿ 7ಕ್ಕೆ 7. ಎದುರು ಪಕ್ಷದ ಹಡಗುಗಳನ್ನು ಫಿರಂಗಿ, ಟಾರ್ಪಿಡೊ ಹಾಕಿ ಮುಳುಗಿಸಬೇಕು, ಇಲ್ಲವೇ ಕಡಲಿನ ಗೊತ್ತಾದ ಜಾಗಗಳನ್ನು ಹಿಡಿದುಕೊಳ್ಳಬೇಕು. ಆ ಹಡಗುಗಳನ್ನು ನಡೆಸುವವರು ಬೇರೆ ಬೇರೆ ಊರು, ಬೇರೆ ಬೇರೆ ದೇಶದಲ್ಲಿ ಕುಳಿತ ನಿಜವಾದ ಜನ. ಇದಕ್ಕೇ ಆನ್‌ಲೈನ್ ಆಟ ಎನ್ನುವುದು. ಆಟ ಹಾಕಿಕೊಳ್ಳಲು ದುಡ್ಡು ಕೊಡಬೇಕಾಗಿಲ್ಲ, ಪುಕ್ಕಟೆ. ಈ 'ಪುಕ್ಕಟೆ' ಎಂಬ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಿಂಸೆ ಎಷ್ಟಿದೆ?

ತಾಯಂದಿರಿಗೆ ಮೊದಲು ಹೆದರಿಕೆಯಾಗುವುದು ಇದಕ್ಕೇ. ಆದರೆ ನಿಧಾನವಾಗಿ ಪಕ್ಕದಲ್ಲಿ ಕುಳಿತು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಈ ಆಟದಲ್ಲಿ ಮನುಷ್ಯರೇ ಕಾಣುವುದಿಲ್ಲ. ಹಡಗಿಗೆ ಬೆಂಕಿ ಹತ್ತುತ್ತದೆ, ಹೊಗೆ ಏಳುತ್ತದೆ, ಹಡಗು ಮುಳುಗುತ್ತದೆ. ರಕ್ತವಿಲ್ಲ, ಹೆಣವಿಲ್ಲ, ಮನುಷ್ಯನಿಗೆ ಗುರಿಯಿಟ್ಟು ಗುಂಡು ಹೊಡೆಯುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಭಾರತ ಸರಕಾರ ನಿಷೇಧಿಸಿದ ಪಬ್‌ಜಿ ಮೊಬೈಲ್‌ನಂಥ ಆಟಕ್ಕೆ ಹೋಲಿಸಿದರೆ ಇದರ ಚಿತ್ರಗಳು ಎಷ್ಟೋ ಸೌಮ್ಯ.

ಯುರೋಪಿನಲ್ಲಿ ವಿಡಿಯೋ ಆಟಗಳಿಗೆ ವಯಸ್ಸಿನ ಗುರುತು ಕೊಡುವ 'ಪೆಗಿ' ಎಂಬ ವ್ಯವಸ್ಥೆ 2003ರಿಂದ ಇದೆ. ಅದರಲ್ಲಿ 3, 7, 12, 16, 18 ಎಂದು ಐದು ಮೆಟ್ಟಿಲು. ಈ ಆಟಕ್ಕೆ ಸಿಕ್ಕಿದ್ದು 7. ಅಂದರೆ ಹಿಂಸೆ ಇದೆ, ಆದರೆ ವಿವರವಾಗಿ ತೋರಿಸಿಲ್ಲ ಎಂದರ್ಥ. ನಮ್ಮ ಮೊಬೈಲಿನ ಪ್ಲೇ ಸ್ಟೋರಿನಲ್ಲೂ ಪ್ರತಿ ಆಟದ ಹೆಸರಿನ ಕೆಳಗೆ 3+, 7+, 12+, 16+, 18+ ಎಂದು ಬರೆದಿರುತ್ತದೆ. ಇಂಗ್ಲಿಷ್ ಓದಲು ಬಾರದಿದ್ದರೂ ಈ ಅಂಕಿ ಎಲ್ಲರಿಗೂ ಓದಲು ಬರುತ್ತದೆ. ಯಾವ ಆಟವೇ ಆಗಲಿ, ಫೋನಿಗೆ ಹಾಕುವ ಮೊದಲು ಆ ಅಂಕಿ ನೋಡುವುದು ನಮಗೆ ಅಭ್ಯಾಸವಾಗಬೇಕು.

ಚಿತ್ರದಲ್ಲಿ ಮನುಷ್ಯರು ಕಾಣುವುದಿಲ್ಲ ಎಂದ ಮಾತ್ರಕ್ಕೆ ಯುದ್ಧ ಆಟಿಕೆಯಾಗುವುದಿಲ್ಲ. ಇದನ್ನು ಮಕ್ಕಳಿಗೆ ನಾವೇ ಹೇಳಿಕೊಡಬೇಕು. ಈ ಆಟದಲ್ಲಿ ಬರುವ ಅನೇಕ ಹಡಗುಗಳು ನಿಜವಾಗಿ ಇದ್ದಂಥವು. ಜರ್ಮನಿಯ ಬಿಸ್ಮಾರ್ಕ್ ಎಂಬ ಹಡಗು 1941ರ ಮೇ 27ರಂದು ಮುಳುಗಿದಾಗ ಎರಡು ಸಾವಿರಕ್ಕೂ ಹೆಚ್ಚು ನಾವಿಕರು ಸತ್ತರು. ಬದುಕಿ ಉಳಿದವರು ಸುಮಾರು 115 ಮಂದಿ. ಜಪಾನಿನ ಯಮಾಟೊ 1945ರ ಏಪ್ರಿಲ್ 7ರಂದು ಮುಳುಗಿತು. ಅದರ ಜೊತೆ ಸುಮಾರು 3,000 ಜನ ಕಡಲಿನ ಪಾಲಾದರು. ಅವರಲ್ಲಿ ಒಬ್ಬೊಬ್ಬನಿಗೂ ಒಬ್ಬ ತಾಯಿ ಇದ್ದಳು. ಆಟದಲ್ಲಿ ಹಡಗು ಮುಳುಗಿದರೆ ಮರುಕ್ಷಣ ಇನ್ನೊಂದು ಕಾಳಗಕ್ಕೆ ಹೊರಡಬಹುದು. ಕಡಲಿಗೆ ಹೋದವರು ಮನೆಗೆ ಬರುವವರೆಗೆ ದಡದಲ್ಲಿ ಕಾಯುವುದೆಂದರೆ ಏನೆಂದು ಮೀನುಗಾರರ ಮನೆಯ ಹೆಂಗಸರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಇದನ್ನು ಹೆದರಿಸುವ ಹಾಗೆ ಅಲ್ಲ, ಕಥೆ ಹೇಳುವ ಹಾಗೆ ಮಕ್ಕಳಿಗೆ ಹೇಳಿ. ಕೇಳಿಸಿಕೊಳ್ಳುತ್ತಾರೆ.

ನಿಜವಾದ ಅಪಾಯ ಎಲ್ಲಿದೆ?

ನಾವು ನೋಡಿದ ಮಟ್ಟಿಗೆ ಹೇಳುವುದಾದರೆ, ಈ ಆಟದಲ್ಲಿ ತಾಯಂದಿರು ಹೆಚ್ಚು ಎಚ್ಚರ ವಹಿಸಬೇಕಾದುದು ಫಿರಂಗಿಯ ಬಗ್ಗೆ ಅಲ್ಲ. ದುಡ್ಡು, ಹೊತ್ತು, ಅಪರಿಚಿತರು, ಈ ಮೂರರ ಬಗ್ಗೆ. ಪ್ಲೇ ಸ್ಟೋರಿನ ಆ ಅಂಕಿ ಮುಖ್ಯವಾಗಿ ಆಟದ ಒಳಗಿನ ಚಿತ್ರ, ಮಾತು ನೋಡಿ ಕೊಟ್ಟದ್ದು. ನಿಮ್ಮ ಮನೆಯ ದುಡ್ಡಿನ ಪರಿಸ್ಥಿತಿ, ನಿಮ್ಮ ಮಗುವಿನ ಸ್ವಭಾವ ಅದಕ್ಕೆ ಗೊತ್ತಿಲ್ಲ. ಅದನ್ನು ನೋಡಬೇಕಾದವರು ನಾವು.

ಮೊದಲನೆಯದು, ದುಡ್ಡು

ಆಟ ಪುಕ್ಕಟೆ ಎಂದೆವು. ಹಾಗಾದರೆ ಕಂಪನಿ ನಡೆಯುವುದು ಹೇಗೆ? ಆಟದ ಒಳಗೆ ಅಂಗಡಿ ಇದೆ. ಹೊಸ ಹಡಗು, ಹಡಗಿಗೆ ಬಣ್ಣ, ಬೇಗ ಮುಂದಕ್ಕೆ ಹೋಗುವ ಅನುಕೂಲ, ಎಲ್ಲ ಅಲ್ಲಿ ಮಾರಾಟಕ್ಕಿವೆ. ಬೆಲೆಯನ್ನು ನೇರವಾಗಿ ರೂಪಾಯಿಯಲ್ಲಿ ಹೇಳದೆ ಆಟದ್ದೇ ಆದ ಚಿನ್ನದ ನಾಣ್ಯದಲ್ಲಿ ಹೇಳುತ್ತಾರೆ. ಮೊದಲು ರೂಪಾಯಿ ಕೊಟ್ಟು ನಾಣ್ಯ ಕೊಳ್ಳಬೇಕು, ಆಮೇಲೆ ನಾಣ್ಯ ಕೊಟ್ಟು ಹಡಗು ಕೊಳ್ಳಬೇಕು. ಖರ್ಚಾಗುತ್ತಿರುವುದು ಅಪ್ಪನ ಕೂಲಿ, ಅಮ್ಮನ ಉಳಿತಾಯ ಎಂಬುದು ಮಗುವಿನ ತಲೆಗೆ ಹೋಗುವುದೇ ಇಲ್ಲ.

ಇದಲ್ಲದೆ ಮುಚ್ಚಿದ ಪೆಟ್ಟಿಗೆಗಳೂ ಇವೆ. ಒಳಗೆ ಏನಿದೆ ಎಂದು ತೆರೆಯುವ ತನಕ ಗೊತ್ತಾಗುವುದಿಲ್ಲ. ಒಳ್ಳೆಯದು ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇನ್ನೊಂದು ತೆರೆಯುವ ಆಸೆ. ಜಾತ್ರೆಯಲ್ಲಿ ಚೀಟಿ ಎತ್ತಿಸುವವನ ಹತ್ತಿರ ಮಕ್ಕಳು ಹೇಗೆ ಕದಲದೆ ನಿಲ್ಲುತ್ತಾರೋ ಹಾಗೆಯೇ. ವ್ಯತ್ಯಾಸ ಒಂದೇ. ಜಾತ್ರೆ ವರ್ಷಕ್ಕೊಮ್ಮೆ, ಈ ಅಂಗಡಿ ರಾತ್ರಿ ಹಗಲು ತೆರೆದಿರುತ್ತದೆ.

"ಸರಕಾರ ಇಂಥದ್ದನ್ನೆಲ್ಲ ನಿಲ್ಲಿಸಿದೆಯಲ್ಲಾ?" ಎಂದು ನೀವು ಕೇಳಬಹುದು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಬಗ್ಗೆ ಹೊಸ ಕಾಯ್ದೆ ಮಾಡಿದ್ದು ನಿಜ. ಅದು ನಿಷೇಧಿಸಿದ್ದು ದುಡ್ಡು ಹಾಕಿ ದುಡ್ಡು ಗೆಲ್ಲುವ ಆಸೆ ತೋರಿಸುವ ಆಟಗಳನ್ನು. ಹಡಗಿನ ಆಟದಲ್ಲಿ ಹಾಕಿದ ದುಡ್ಡು ದುಡ್ಡಾಗಿ ವಾಪಸು ಬರುವುದಿಲ್ಲ, ಬರೀ ಹೋಗುತ್ತದೆ. ಆದ್ದರಿಂದ ಕಾಯ್ದೆ ಬಂದಿದೆ ಎಂದು ನಾವು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಬಾಗಿಲು ಕಾಯುವ ಕೆಲಸ ನಮ್ಮದೇ.

ಇಲ್ಲಿ ನಮ್ಮ ಸಂಘಗಳಿಗೆ ಸಂಬಂಧಿಸಿದ ಒಂದು ಮುಖ್ಯ ಮಾತು. ನಮ್ಮಲ್ಲಿ ಅನೇಕರ ಮನೆಯಲ್ಲಿ ದೊಡ್ಡ ಫೋನ್ ಇರುವುದು ಒಂದೇ. ಬ್ಯಾಂಕಿನ ಮೆಸೇಜು ಬರುವುದೂ ಅದಕ್ಕೇ, ಸಾಲದ ಕಂತು ಕಟ್ಟುವುದೂ ಅದರಿಂದಲೇ, ಮಗು ಆಡುವುದೂ ಅದರಲ್ಲೇ. ಕಣ್ಣು ಮಂಜು, ಇಂಗ್ಲಿಷ್ ಬಾರದು ಎಂದು "ನೀನೇ ಹಾಕು ಮಗಾ" ಅಂತ ಪಿನ್ ನಂಬರನ್ನು ಮಕ್ಕಳಿಗೇ ಹೇಳಿಬಿಟ್ಟಿರುತ್ತೇವೆ. ಬೀರುವಿನ ಕೀಲಿಕೈ ಮಗುವಿನ ಕೈಯಲ್ಲಿ ಕೊಟ್ಟು, ಬೀರು ಮುಟ್ಟಬೇಡ ಎಂದ ಹಾಗಾಯಿತು. ಪಿನ್ ಗೊತ್ತಿರುವ ಮಗು ಕಳ್ಳನಲ್ಲ. ಅದಕ್ಕೆ ಆಸೆ ತಡೆಯಲು ಬರುವುದಿಲ್ಲ, ಅಷ್ಟೆ. ಹನಿ ಹನಿ ಕೂಡಿದರೆ ಹಳ್ಳ ಎಂದು ನಾವು ಸಂಘದಲ್ಲಿ ಹೇಳುತ್ತೇವೆ. ಹೋಗುವುದೂ ಹಾಗೆಯೇ ಹನಿ ಹನಿಯಾಗಿ. ವಾರಕ್ಕೆ 50 ರೂಪಾಯಿಯಂತೆ ಉಳಿಸುವ ಸದಸ್ಯೆಗೆ ವರ್ಷಕ್ಕೆ ಆಗುವುದು 2,600 ರೂಪಾಯಿ. ದಿನಕ್ಕೆ 80 ರೂಪಾಯಿ ಆಟದಲ್ಲಿ ಹೋಗುತ್ತಿದೆ ಎಂದಿಟ್ಟುಕೊಳ್ಳಿ. ಒಂದೇ ತಿಂಗಳಲ್ಲಿ 2,400! ಖಜಾಂಚಿಯಾಗಿರುವ ಸಹೋದರಿಯರಂತೂ ಇನ್ನೂ ಎಚ್ಚರ ವಹಿಸಬೇಕು. ಅವರ ಫೋನಿನಲ್ಲಿರುವುದು ಹತ್ತು ಹದಿನೈದು ಮನೆಗಳ ನಂಬಿಕೆ.

ಎರಡನೆಯದು, ಹೊತ್ತು

"ಊಟಕ್ಕೆ ಬಾರೋ" ಎಂದರೆ "ಅಮ್ಮಾ, ಒಂದೇ ನಿಮಿಷ" ಎನ್ನುವುದು ಎಲ್ಲ ಮನೆಯ ಹಾಡು. ಇದರಲ್ಲಿ ಮಗುವಿನ ಹಠ ಮಾತ್ರ ಇಲ್ಲ. ಆನ್‌ಲೈನ್ ಆಟವನ್ನು ಟೇಪ್ ರೆಕಾರ್ಡರ್‌ನಂತೆ ನಡುವೆ ನಿಲ್ಲಿಸಿ ಇಡಲು ಬರುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಜೊತೆಗಾರರು ಸೋಲುತ್ತಾರೆ, ಬಿಟ್ಟು ಹೋದವನಿಗೆ ಆಟದಲ್ಲೇ ದಂಡವೂ ಬೀಳಬಹುದು. ಕಂಪ್ಯೂಟರ್ ಆಟದಲ್ಲಿ ಒಂದು ಕಾಳಗಕ್ಕೆ ಸಾಮಾನ್ಯವಾಗಿ ಹೆಚ್ಚೆಂದರೆ 20 ನಿಮಿಷ. ಮೊಬೈಲಿನಲ್ಲಿ ಇನ್ನೂ ಕಡಿಮೆ. ಇದು ಗೊತ್ತಿದ್ದರೆ ಜಗಳ ಅರ್ಧ ಕಡಿಮೆಯಾಗುತ್ತದೆ. "ಅರ್ಧ ಗಂಟೆ ಆಡು" ಎನ್ನುವ ಬದಲು "ಎರಡು ಕಾಳಗ ಆಡು, ಮೂರನೆಯದು ಶುರು ಮಾಡಬೇಡ" ಎಂದು ಹೇಳಿ ನೋಡಿ. ಮಗುವಿಗೂ ಅದು ನ್ಯಾಯ ಎನಿಸುತ್ತದೆ.

ಇನ್ನೊಂದು ವಿಷಯ. ದಿನಾ ಆಟ ತೆರೆದವರಿಗೆ ಉಡುಗೊರೆ, ಇಂತಿಷ್ಟು ದಿನದೊಳಗೆ ಇಷ್ಟು ಕಾಳಗ ಗೆದ್ದವರಿಗೆ ಬಹುಮಾನ ಎಂದೆಲ್ಲ ಇರುತ್ತದೆ. ಒಂದು ದಿನವೂ ತಪ್ಪಿಸಿಕೊಳ್ಳಬಾರದು ಎಂಬ ಹಂಬಲ ಹುಟ್ಟಿಸಲೆಂದೇ ಇದನ್ನು ಮಾಡಿರುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಮಕ್ಕಳು ಕದ್ದು ಆಡುವುದಕ್ಕೆ ಇದೂ ಒಂದು ಕಾರಣ.

ಮೂರನೆಯದು, ಅಪರಿಚಿತರು

ಆಟದ ಜೊತೆಗಾರರು ಬರೆದು ಮಾತನಾಡಿಕೊಳ್ಳಬಹುದು. ಹೆಚ್ಚಿನದು ಆಟದ ಮಾತೇ. ಆದರೆ ಸೋತಾಗ ಕೆಲವರು ಕೆಟ್ಟ ಬೈಗುಳ ಬರೆಯುತ್ತಾರೆ. ದೊಡ್ಡವರು ಮಕ್ಕಳಂತೆ ನಟಿಸಿ ಸ್ನೇಹ ಮಾಡುವ ಅಪಾಯವೂ ಎಲ್ಲ ಆನ್‌ಲೈನ್ ಆಟಗಳಲ್ಲಿ ಇದೆ. "ನಿನಗೆ ಚಿನ್ನದ ನಾಣ್ಯ ಕೊಡುತ್ತೇನೆ, ನಿನ್ನ ಪಾಸ್‌ವರ್ಡ್ ಹೇಳು, ಓಟಿಪಿ ಹೇಳು, ಫೋಟೋ ಕಳಿಸು" ಎಂದು ಯಾರಾದರೂ ಕೇಳಿದರೆ ಅದು ಮೋಸವೇ. ಹೆಸರು, ಊರು, ಶಾಲೆ, ಫೋನ್ ನಂಬರ್ ಯಾರಿಗೂ ಹೇಳಬಾರದು ಎಂದು ಮಗುವಿಗೆ ಮೊದಲೇ ಹೇಳಿಡಿ. ಚಾಟ್ ಬಂದ್ ಮಾಡುವ ಅನುಕೂಲ ಆಟದಲ್ಲಿ ಇದೆಯೇ ಎಂದು ಮಗುವಿನಿಂದಲೇ ಹುಡುಕಿಸಿ, ಸಣ್ಣವರಿಗೆ ಬಂದ್ ಮಾಡಿಸಿ.

ಒಳ್ಳೆಯದು ಏನೂ ಇಲ್ಲವೇ?

ಇದೆ. ಚಲಿಸುವ ಹಡಗಿಗೆ ಗುಂಡು ತಾಗಬೇಕಾದರೆ ಅದು ಮುಂದೆ ಎಲ್ಲಿಗೆ ಬರುತ್ತದೆ ಎಂದು ಲೆಕ್ಕ ಹಾಕಿ ಹೊಡೆಯಬೇಕು. ನಕ್ಷೆ ಓದಬೇಕು, ಜೊತೆಗಾರರಿಗೆ ನೆರವಾಗಬೇಕು. ಕೆಲವು ಮಕ್ಕಳಿಗೆ ಇದರಿಂದ ಇತಿಹಾಸ, ಭೂಗೋಳದಲ್ಲಿ ಆಸಕ್ತಿ ಹುಟ್ಟಬಹುದು. ಅಂಥ ಮಗುವನ್ನು ಅವಕಾಶ ಸಿಕ್ಕಿದಾಗ ಕಾರವಾರಕ್ಕೆ ಕರೆದುಕೊಂಡು ಹೋಗಿ. ನೌಕಾಪಡೆಯ ಐಎನ್‌ಎಸ್ ಚಪಲ್ ಎಂಬ ನಿಜವಾದ ಕ್ಷಿಪಣಿ ನೌಕೆಯನ್ನು ಅಲ್ಲಿನ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. ಮಕ್ಕಳ ಆಸಕ್ತಿಯನ್ನು ಚಿವುಟುವುದಕ್ಕಿಂತ ಒಳ್ಳೆಯ ದಾರಿಗೆ ತಿರುಗಿಸುವುದು ಮೇಲು.

ಪೋಪ್ 16ನೇ ಬೆನೆಡಿಕ್ಟರು 2007ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶಕ್ಕೆ ಆರಿಸಿಕೊಂಡ ವಿಷಯವೇ ಮಕ್ಕಳು ಮತ್ತು ಮಾಧ್ಯಮ. ಮನರಂಜನೆಯ ಹೆಸರಿನಲ್ಲಿ ಹಿಂಸೆಯನ್ನು ಹೊಗಳುವ ವಿಡಿಯೋ ಆಟಗಳನ್ನು ಅವರು ಅದರಲ್ಲಿ ಖಂಡಿಸಿದರು. ಜೊತೆಗೆ, ಒಳ್ಳೆಯದನ್ನು ತಾವೇ ಆರಿಸಿಕೊಳ್ಳುವ ವಿವೇಕವನ್ನು ಮಕ್ಕಳಲ್ಲಿ ಬೆಳೆಸುವುದು ಹೆತ್ತವರ ಮೊದಲ ಹೊಣೆ ಎಂದೂ ನೆನಪಿಸಿದರು. ಯಾವ ಧರ್ಮದ ತಾಯಿಯೂ ಒಪ್ಪುವ ಮಾತು ಇದು.

ಹಾಗಾದರೆ ಯಾವ ವಯಸ್ಸಿಗೆ ಸರಿ?

ನಮ್ಮ ಸಲಹೆ ಹೀಗಿದೆ:

* 10 ವರ್ಷದೊಳಗಿನ ಮಕ್ಕಳಿಗೆ ಬೇಡ. ಅಂಕಿ 7 ಎಂದಿದ್ದರೂ ಅಂಗಡಿ, ಚಾಟ್ ಇವೆರಡನ್ನೂ ನಿಭಾಯಿಸುವ ತಿಳುವಳಿಕೆ ಆ ವಯಸ್ಸಿಗೆ ಇರುವುದಿಲ್ಲ.
* 10ರಿಂದ 12 ವರ್ಷದವರು ದೊಡ್ಡವರು ಹತ್ತಿರ ಇದ್ದಾಗ, ಚಾಟ್ ಬಂದ್ ಮಾಡಿ, ಲೆಕ್ಕದ ಕಾಳಗ ಆಡಲಿ.
* 13 ದಾಟಿದವರು ಮನೆಯ ನಿಯಮ ಒಪ್ಪಿಕೊಂಡು ಆಡಬಹುದು.
* ಯಾವ ವಯಸ್ಸಿನವರೇ ಆಗಲಿ, ಬ್ಯಾಂಕ್ ಖಾತೆಗೆ ಜೋಡಿಸಿದ ಫೋನಿನಲ್ಲಿ ಬೀಗ ಹಾಕದೆ ಆಡಕೂಡದು.

ಸೋತಾಗ ಫೋನ್ ಎಸೆಯುವ, ತಮ್ಮ ತಂಗಿಯರಿಗೆ ಹೊಡೆಯುವ ಮಗುವಾದರೆ 13 ದಾಟಿದ್ದರೂ ಇನ್ನೂ ಕಾಯಿರಿ.

ಮನೆಯಲ್ಲಿ ಇಂದೇ ಮಾಡಬಹುದಾದ ಕೆಲಸಗಳು

1. ಒಂದು ದಿನ ಮಗುವಿನ ಪಕ್ಕದಲ್ಲಿ ಕುಳಿತು ಎರಡು ಕಾಳಗ ನೋಡಿ. ಬೈಯಬೇಡಿ, ಪ್ರಶ್ನೆ ಕೇಳಿ. "ಇದು ಯಾವ ದೇಶದ ಹಡಗು? ಈ ಪೆಟ್ಟಿಗೆ ಯಾಕೆ? ಇವನು ಯಾರು?" ಎಂದು.
2. ಪಿನ್ ನಂಬರ್ ಬದಲಾಯಿಸಿ. ಹೊಸದನ್ನು ಮಗುವಿಗೆ ಹೇಳಬೇಡಿ. ಪಿನ್ ಹಾಕಲು ನೀವೇ ಕಲಿಯಿರಿ. ಬರೀ ಅಂಕಿಗಳು, ಒಂದು ವಾರದಲ್ಲಿ ಬರುತ್ತದೆ.
3. ಪ್ಲೇ ಸ್ಟೋರಿನ ಸೆಟ್ಟಿಂಗಿನಲ್ಲಿ, ಪ್ರತಿ ಸಲ ಏನಾದರೂ ಕೊಳ್ಳುವ ಮೊದಲು ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಿ. ಬೆರಳಚ್ಚು ಇಟ್ಟರೆ ಆ ಫೋನಿನಲ್ಲಿ ಮಗುವಿನ ಬೆರಳು ಸೇರಿಸಿರಬಾರದು.
4. ಅಲ್ಲಿಯೇ 'ಪೇರೆಂಟಲ್ ಕಂಟ್ರೋಲ್ಸ್' ಎಂಬುದನ್ನು ತೆರೆದು, ಎಷ್ಟು ವಯಸ್ಸಿನ ಆಟ ಹಾಕಿಕೊಳ್ಳಬಹುದು ಎಂದು ಗೊತ್ತು ಮಾಡಿ ಬೀಗ ಹಾಕಬಹುದು. ಮಗುವಿಗೆ ಬೇರೆ ಫೋನ್ ಇದ್ದರೆ ಗೂಗಲ್‌ನ 'ಫ್ಯಾಮಿಲಿ ಲಿಂಕ್' ಬಳಸಿ ಹೊತ್ತಿನ ಮಿತಿಯನ್ನೂ ಇಡಬಹುದು. ಇದಕ್ಕೆ ದುಡ್ಡಿಲ್ಲ.
5. ಬ್ಯಾಂಕಿನ ಮೆಸೇಜು ಬಂದಾಗೆಲ್ಲ ನೋಡಿ. ಸಣ್ಣ ಮೊತ್ತ ಎಂದು ಬಿಡಬೇಡಿ.
6. ಊಟದ ಹೊತ್ತು, ಓದುವ ಹೊತ್ತು, ಮಲಗುವ ಮುಂಚಿನ ಒಂದು ಗಂಟೆ ಫೋನ್ ಬೇಡ. ಈ ನಿಯಮ ದೊಡ್ಡವರಿಗೂ ಇರಲಿ. ನಾವು ಧಾರಾವಾಹಿ, ರೀಲ್ಸ್ ನೋಡುತ್ತಾ ಮಕ್ಕಳಿಗೆ ಬುದ್ಧಿ ಹೇಳಿದರೆ ನಾಟುವುದಿಲ್ಲ.

ದುಡ್ಡು ಹೋಗಿದ್ದು ಗೊತ್ತಾದರೆ?

ಮೊದಲು ಹೊಡೆಯಬೇಡಿ. ಹೊಡೆತಕ್ಕೆ ಹೆದರಿದ ಮಗು ಮುಂದಿನ ಸಲ ಮುಚ್ಚಿಡುತ್ತದೆ, ಅಥವಾ ಮಾಡಬಾರದ್ದನ್ನು ಮಾಡಿಕೊಳ್ಳುತ್ತದೆ. "ಏನಾಯಿತೋ ಹೇಳು, ಒಟ್ಟಿಗೆ ಸರಿ ಮಾಡೋಣ" ಎನ್ನಿ.

ಮಗುವೇ ಆಟದ ಅಂಗಡಿಯಲ್ಲಿ ಖರ್ಚು ಮಾಡಿದ್ದರೆ ಪ್ಲೇ ಸ್ಟೋರಿನಲ್ಲಿ ದುಡ್ಡು ವಾಪಸು ಕೇಳುವ ಅವಕಾಶ ಇದೆ. 48 ಗಂಟೆಯೊಳಗೆ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಯಾರೋ ಮೋಸ ಮಾಡಿ ಖಾತೆಯಿಂದ ದುಡ್ಡು ಎತ್ತಿದ್ದರೆ ಕೂಡಲೇ 1930 ನಂಬರಿಗೆ ಫೋನ್ ಮಾಡಿ. ಇದು ಸೈಬರ್ ವಂಚನೆಯ ದೂರಿನ ಸಹಾಯವಾಣಿ. ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ದುಡ್ಡು ಸಿಗುವುದು ಕಷ್ಟ. ಮಗುವಿಗೆ ಯಾರಾದರೂ ಕಿರುಕುಳ ಕೊಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ.

ಚಟವಾಗಿದೆಯೇ ಎಂದು ತಿಳಿಯುವುದು ಹೇಗೆ?

ಹೆಚ್ಚು ಆಡುವ ಎಲ್ಲ ಮಕ್ಕಳೂ ಚಟಕ್ಕೆ ಬಿದ್ದವರಲ್ಲ. ವಿಶ್ವ ಆರೋಗ್ಯ ಸಂಸ್ಥೆ ಆಟದ ಚಟವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು, ಅದು 2022ರ ಜನವರಿಯಿಂದ ಜಾರಿಗೆ ಬಂದಿದೆ. ಅದು ಹೇಳುವ ಗುರುತುಗಳು ಮೂರು: ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದಿರುವುದು, ಊಟ, ನಿದ್ದೆ, ಓದು, ಗೆಳೆಯರು ಎಲ್ಲಕ್ಕಿಂತ ಆಟವೇ ಮೇಲಾಗುವುದು, ತೊಂದರೆಯಾಗುತ್ತಿದೆ ಎಂದು ಗೊತ್ತಿದ್ದೂ ಮುಂದುವರಿಸುವುದು. ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹೀಗಿದ್ದರೆ ವೈದ್ಯರು ಅದನ್ನು ಕಾಯಿಲೆ ಎನ್ನುತ್ತಾರೆ. ಆದರೆ ಸಹಾಯ ಕೇಳಲು ಅಷ್ಟು ಕಾಯಬೇಕಾಗಿಲ್ಲ. ಟೆಲಿ-ಮಾನಸ್ 14416ಕ್ಕೆ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ 2014ರಲ್ಲೇ ಇದಕ್ಕೆಂದು 'ಶಟ್' ಎಂಬ ಕ್ಲಿನಿಕ್ ಶುರುವಾಗಿದೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಸಹೋದರಿಯರೇ, ಸಾಲ ಕೊಡುವಾಗ ನಾವು ಏನು ಮಾಡುತ್ತೇವೆ? ಯಾವ ಉದ್ದೇಶಕ್ಕೆ, ಎಷ್ಟು, ಯಾವಾಗ ವಾಪಸು ಎಂದು ಕೇಳಿ, ಎಲ್ಲರೆದುರು ಮಾತಾಡಿ, ಪುಸ್ತಕದಲ್ಲಿ ಬರೆದು ಕೊಡುತ್ತೇವೆ. ಹೆದರಿ ಕೊಡದೆಯೂ ಇರುವುದಿಲ್ಲ, ಕಣ್ಣು ಮುಚ್ಚಿ ಕೊಡುವುದೂ ಇಲ್ಲ. ಮಗುವಿನ ಕೈಗೆ ಫೋನ್ ಕೊಡುವಾಗಲೂ ಇದೇ ಪದ್ಧತಿ ಸಾಕು.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸದಸ್ಯರಲ್ಲಿ ಎಷ್ಟು ಮಂದಿಯ ಪಿನ್ ನಂಬರ್ ಮಕ್ಕಳಿಗೆ ಗೊತ್ತಿದೆ? ಮುಂದಿನ ಸಭೆಯೊಳಗೆ ಬದಲಾಯಿಸಲು ನಿರ್ಣಯ ಮಾಡೋಣವೇ?
2. ನಮ್ಮ ಮಕ್ಕಳು ಆಡುವ ಆಟಗಳ ಹೆಸರೇನು? ಅವುಗಳ ಮೇಲೆ ಬರೆದ ವಯಸ್ಸಿನ ಅಂಕಿ ಎಷ್ಟು?
3. ಪ್ಲೇ ಸ್ಟೋರಿಗೆ ಬೀಗ ಹಾಕುವುದನ್ನು ಗೊತ್ತಿರುವ ಒಬ್ಬ ಸದಸ್ಯೆ ಉಳಿದವರಿಗೆ ಸಭೆಯಲ್ಲೇ ತೋರಿಸಿಕೊಡಬಹುದೇ?
4. ಸಂಜೆ ಹೊತ್ತು ನಮ್ಮ ಊರಿನ ಮಕ್ಕಳು ಹೊರಗೆ ಆಡಲು ಜಾಗ ಇದೆಯೇ? ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳೋಣವೇ?